ಬಿಸಿಲಿಗೆ ಒಡೆದ ಪೈಪು

"ನೀವು ಕೊಟ್ಟ ಪೈಪು ಒಡೆದುಹೋಯ್ತು" ಎಂದು ನರ್ಸರಿಯವನು ಬಿಳಿ ಪಿವಿಸಿ ತುಂಡೊಂದನ್ನು ಕೌಂಟರ್ ಮೇಲಿಟ್ಟ. ದನಿಯಲ್ಲಿ ಸಿಟ್ಟಿಗಿಂತ ಸುಸ್ತೇ ಹೆಚ್ಚಿತ್ತು.

ಅಂಗಡಿಯವಳು ತುಂಡನ್ನು ತಿರುಗಿಸಿ ನೋಡಿದಳು. ಅಪ್ಪ ಹೋದ ಮೇಲೆ ಈ ಪೈಪಿನಂಗಡಿಯನ್ನು ಒಬ್ಬಳೇ ಎಳೆದುಕೊಂಡು ಬಂದವಳು. ಬೆಳಿಗ್ಗೆಯಷ್ಟೇ ಅಣ್ಣ ಫೋನಿನಲ್ಲಿ, "ಸಾಕು, ಮಾರಿ ನಮ್ಮನೆಗೆ ಬಂದುಬಿಡು" ಎಂದಿದ್ದ. ಅವಳೂ ಹೂಂ ಅಂದಿದ್ದಳು.

"ಮಣ್ಣಲ್ಲಿ ಹೂತಿದ್ರಾ, ಮೇಲೇ ಬಿಟ್ಟಿದ್ರಾ?"

"ಮೇಲೇ."

"ಬಿಸಿಲಿಗೆ ಪೆಡಸಾಗಿದೆ. ಬಿಳೀದನ್ನ ಹೂಳ್ಬೇಕು, ಮೇಲೆ ಎಳೆಯೋಕೆ ಕರಿ ಪೈಪು. ಕೊಡುವಾಗ್ಲೇ ಹೇಳಿದ್ನಲ್ಲ?"

"ಹೇಳಿದ್ರಿ." ಅವಳ ಮುಖ ನೋಡಿ ಕಣ್ಣು ತಗ್ಗಿಸಿದ. "ನನ್ನ ಗಮನ ಬೇರೆ ಕಡೆ ಇತ್ತು."

ಯಾವ ಕಡೆ ಎಂದು ಅವಳು ಕೇಳಲಿಲ್ಲ. ಆದರೆ ಕಿವಿ ಬೆಚ್ಚಗಾಯಿತು.

"ಪ್ಲಂಬರ್ ನಾಳೆ ಬರ್ತಾನಂತೆ. ಅಷ್ಟರಲ್ಲಿ ಸಸಿ ಎಲ್ಲಾ ಬಾಡಿಹೋಗ್ತವೆ" ಎಂದ.

ಅವಳು ನಿಟ್ಟುಸಿರು ಬಿಟ್ಟು ಶಟರ್ ಎಳೆದಳು. "ನಡೀರಿ, ನೋಡೋಣ."

ತಾಯಿ ತೀರಿಕೊಂಡ ಮೇಲೆ ನರ್ಸರಿಯಲ್ಲಿ ಅವನೊಬ್ಬನೇ. ಅವನು ಕಾಲುವೆ ತೋಡಿದ, ಅವಳು ಪೈಪು ಕತ್ತರಿಸಿ ಅಂಟು ಹಚ್ಚಿದಳು. ಒಂದು ಜಾಯಿಂಟ್ ಬೇಕಾಗಿ ಶೆಡ್ಡಿಗೆ ಹೋದರೆ, ಅಲ್ಲೊಂದು ಬುಟ್ಟಿ ತುಂಬ ಪೈಪಿನ ತಿರುವಿಗೆ ಹಾಕುವ ಹೊಸ ಎಲ್ಬೋಗಳು. ಎಲ್ಲವೂ ಅವಳ ಅಂಗಡಿಯವೇ.

"ಏನ್ರೀ ಇದು? ನಿಮ್ಮ ಲೈನಲ್ಲಿರೋದೇ ಎರಡು ತಿರುವು!"

ಅವನು ಕಿವಿ ಕೆರೆದುಕೊಂಡ. "ಏನೂ ಕೊಳ್ಳದೆ ಅಂಗಡಿ ಮುಂದೆ ಹೇಗೆ ನಿಲ್ಲೋದು?"

ಅವಳು ಜೋರಾಗಿ ನಕ್ಕಳು. ಎಷ್ಟೋ ದಿನದ ಮೇಲೆ ನಕ್ಕಿದ್ದಕ್ಕೋ ಏನೋ, ಕಣ್ಣಲ್ಲಿ ನೀರು ಬಂತು. ಅವನು ನೋಡಿಯೂ ನೋಡದವನಂತೆ ಹಾರೆ ಎತ್ತಿಕೊಂಡ.

ಅಂಟು ಗಟ್ಟಿಯಾಗುವವರೆಗೆ, ಅಂದರೆ ನಾಳೆಯವರೆಗೆ, ನೀರು ಬಿಡುವಂತಿರಲಿಲ್ಲ. ಇಬ್ಬರೂ ತೊಟ್ಟಿಯಿಂದ ಕ್ಯಾನಿನಲ್ಲಿ ಹೊತ್ತು ಹೊತ್ತು ಸಸಿಗಳಿಗೆ ಹನಿಸಿದರು. ಹೊತ್ತು ಇಳಿಯುವಷ್ಟರಲ್ಲಿ ಅವಳ ಭುಜ ಸೋತುಹೋಗಿತ್ತು. ತೊಟ್ಟಿಯ ಕಟ್ಟೆಯ ಮೇಲೆ ಕುಸಿದಳು. ಅವನು ಒಂದು ಗೇಣು ಬಿಟ್ಟು ಕುಳಿತ.

"ಅಂಗಡಿ ಮಾರಿ ಅಣ್ಣನ ಮನೆಗೆ ಹೋಗ್ತಿದೀನಿ" ಎಂದಳು. "ಆಗ್ತಿಲ್ಲ ನನ್ ಕೈಲಿ."

ಅವನು ಖಾಲಿ ಕ್ಯಾನನ್ನು ಕಾಲ ಬಳಿ ಇಟ್ಟ.

"ಮಾರಿ. ನಾನೇನು ಅಂಗಡಿಗೋಸ್ಕರ ಬರ್ತಿರಲಿಲ್ಲ. ಆದ್ರೆ ಹೋಗ್ಬೇಡಿ. ಇಲ್ಲೇ ಇರಿ... ನನ್ನ ಜೊತೆ."

ಅವಳು ಒದ್ದೆ ಅಂಗೈಯನ್ನೇ ನೋಡುತ್ತಿದ್ದಳು. "ನನಗೀಗ ಪ್ರೀತಿ ಮಾಡೋಕೂ ತ್ರಾಣ ಇಲ್ಲ ಕಣ್ರೀ."

"ನನಗೂ ಅಷ್ಟಕ್ಕಷ್ಟೇ. ಕೂತ್ಕೊಂಡೇ ಮಾಡೋಣ."

ನಗಲೂ ಆಗದೆ ಅವಳು ತಲೆಯನ್ನು ಅವನ ಭುಜಕ್ಕೆ ಒರಗಿಸಿದಳು. ಅವನು ಉಸಿರು ಬಿಗಿಹಿಡಿದು ಕುಳಿತ, ಅಲುಗಿದರೆ ಎಲ್ಲಿ ಎದ್ದುಬಿಡುತ್ತಾಳೋ ಎಂದು.

"ನಾಳೆ ನೀರು ಬಿಡುವಾಗ ಬರ್ತೀರಾ?"

"ಬರ್ತೀಯಾ ಅನ್ನು" ಎಂದಳು ಕಣ್ಣು ಮುಚ್ಚಿಕೊಂಡೇ.

ಅವನ ನಾಲಿಗೆ ತಡವರಿಸಿತು. "ಬರ್ತೀ... ಬರ್ತೀಯಾ?"

"ಹೂಂ. ಅಣ್ಣನಿಗೆ ಬರಲ್ಲ ಅಂತ ಹೇಳಿ, ಬರ್ತೀನಿ."