ನಲವತ್ತಮೂರು ಗಡಿಯಾರ, ಒಂದು ಬಿಲ್ಲು

ಚಳಿ ಆಗಷ್ಟೇ ಶುರುವಾಗಿತ್ತು. ಶನಿವಾರ, ಬೆಳಿಗ್ಗೆ ಆರೂವರೆ.

“ಹಿಮ್ಮಡಿ ಎತ್ತಬೇಡ,” ಎಂದರು ದೊಡ್ಡಪ್ಪ.

“ಎತ್ತಿಲ್ಲ ದೊಡ್ಡಪ್ಪ.”

“ಕತ್ತು ಉದ್ದ ಮಾಡ್ತಿದೀಯ.”

“ಕತ್ತು ಇರೋದೇ ಇಷ್ಟು!”

ಕಡ್ಡಿ ಗೋಡೆಗೆ ಬೆನ್ನು ಒತ್ತಿ ನಿಂತಿದ್ದಳು. ತೆಳ್ಳಗಿದ್ದಳೆಂದು ಮನೆಯಲ್ಲೂ ಸ್ಕೂಲಲ್ಲೂ ಅವಳಿಗೆ ಅದೇ ಹೆಸರು. ಅವಳ ಪಕ್ಕದಲ್ಲಿ ಒಂದು ಬಿಲ್ಲು, ಅದೂ ಗೋಡೆಗೆ ಒರಗಿಕೊಂಡು ನೆಟ್ಟಗೆ ನಿಂತಿತ್ತು. ದೊಡ್ಡಪ್ಪ ಅವಳ ತಲೆಯ ಮೇಲೆ ಸ್ಕೇಲು ಅಡ್ಡ ಇಟ್ಟು ಬಿಲ್ಲಿನ ತುದಿ ನೋಡಿದರು. ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯಲ್ಲಿ ಇನ್ನೊಮ್ಮೆ ನೋಡಿದರು. ಆಮೇಲೆ ಸ್ಟೂಲಿನ ಮೇಲೆ ಕುಸಿದು ಕುಳಿತರು.

“ಮತ್ತೆ ಬೆಳೆದುಬಿಟ್ಟೆಯಲ್ಲೇ. ಎರಡು ಬೆರಳು!”

“ಸಾರಿ ದೊಡ್ಡಪ್ಪ.”

ಅಡುಗೆಮನೆಯಿಂದ ಅಮ್ಮನ ದನಿ ಬಂತು. “ಬೆಳೆದಿದ್ದಕ್ಕೆ ಮಗು ಸಾರಿ ಕೇಳೋ ಮನೆ ಊರಲ್ಲಿ ಇದೊಂದೇ ಇರಬೇಕು!”

ದೊಡ್ಡಪ್ಪನದು ಗಡಿಯಾರ ರಿಪೇರಿ ಕೆಲಸ. ಮನೆಯ ಮುಂದಿನ ಕೋಣೆಯೇ ಅಂಗಡಿ. ನಲವತ್ತು ವರ್ಷ ಅಲ್ಲಿ ಕೂತು ಸಾಸಿವೆಗಿಂತ ಸಣ್ಣ ಸ್ಕ್ರೂಗಳನ್ನು ತಿರುಗಿಸಿದವರು. ಒಂದು ದಿನ ಲೈಬ್ರರಿಯ ಹಳೆಯ ಪುಸ್ತಕದಲ್ಲಿ ಆಳುದ್ದದ ಮರದ ಬಿಲ್ಲಿನ ಚಿತ್ರ ನೋಡಿದರು. ಒಂದು ಮರ, ಒಂದು ದಾರ, ಅಷ್ಟೇ. “ಒಂದೇ ಒಂದು ಸ್ಕ್ರೂ ಇಲ್ಲ ಕಣ್ರೀ! ಆದ್ರೂ ಕೆಲಸ ಮಾಡುತ್ತೆ!” ಎಂದು ಆವತ್ತು ಸಿಕ್ಕಸಿಕ್ಕವರಿಗೆಲ್ಲ ಹೇಳಿದರು. ವಾರ ಕಳೆಯುವುದರೊಳಗೆ ಬಿಲ್ಲಿನ ಸಂಘ ಹುಟ್ಟಿಕೊಂಡಿತು.

ಸಂಘದಲ್ಲಿ ನಾಲ್ಕು ಜನ. ದೊಡ್ಡಪ್ಪನನ್ನು ಬಿಟ್ಟರೆ ಎದುರುಮನೆಯ ಟೈಲರ್ ಮಾವ, ಮೂಲೆಮನೆಯ ಹಲ್ಲಿನ ಡಾಕ್ಟರು, ಬೇಕರಿ ಅಕ್ಕ. ಟೈಲರ್ ಮಾವ ಬಾಣ ಇಡಲು ಚರ್ಮದ ಬತ್ತಳಿಕೆ ಹೊಲಿದರು. ಬತ್ತಳಿಕೆಗೆ ಧೂಳು ಕೂರದಂತೆ ಒಂದು ಚೀಲ ಹೊಲಿದರು. ಆ ಚೀಲಕ್ಕೆ ಧೂಳು ಕೂರದಂತೆ ಇನ್ನೊಂದು. ಡಾಕ್ಟರು ನಾರು ಹೊಸೆದು, ಜೇನುಮೇಣ ತಿಕ್ಕಿ, ಬಿಲ್ಲಿಗೆ ಕಟ್ಟುವ ಹೆದೆ ಮಾಡಿದರು.

ಬಾಣದ ಕೆಲಸ ಬೇಕರಿ ಅಕ್ಕನದು. ಒಂದು ಬಾಣಕ್ಕೆ ಅಂಟಿಸುವ ಮೂರೂ ಗರಿ ಹಕ್ಕಿಯ ಒಂದೇ ಕಡೆಯ ರೆಕ್ಕೆಯವು ಆಗಿರಬೇಕು. ಅಕ್ಕನಿಗೆ ಎಡಗಡೆಯವೇ ಬೇಕಿತ್ತು. ಅವರ ಹೆಬ್ಬಾತು ಹಟಕ್ಕೆ ಬಿದ್ದಂತೆ ಬಲಗಡೆಯವನ್ನೇ ಉದುರಿಸುತ್ತಿತ್ತು. ಒಂದೂವರೆ ವರ್ಷ ಅಕ್ಕ ಅದರ ಎಡಕ್ಕೇ ನಡೆದು, ಬಿದ್ದ ಗರಿ ಆಯ್ದು, ಹನ್ನೆರಡು ಬಾಣ ಮುಗಿಸಿದರು.

ಬತ್ತಳಿಕೆ ಬಂತು, ಹೆದೆ ಬಂತು, ಬಾಣ ಬಂತು. ಬಿಲ್ಲಿನ ಸಂಘದಲ್ಲಿ ಬಿಲ್ಲೊಂದೇ ಇರಲಿಲ್ಲ.

“ಮೊದಲು ಮಗೂಗೆ ಮಾಡ್ತೀನಿ. ಚಿಕ್ಕದು, ಬೇಗ ಆಗುತ್ತೆ,” ಎಂದಿದ್ದರು ದೊಡ್ಡಪ್ಪ. ಅದು ಮೂರು ವರ್ಷದ ಹಿಂದಿನ ಮಾತು. ಬಿಲ್ಲು ಹಿಡಿಯುವವರ ಎತ್ತರವೂ ಬಿಲ್ಲಿನ ಎತ್ತರವೂ ಒಂದೇ ಇರಬೇಕೆಂದು ಪುಸ್ತಕದಲ್ಲಿ ಇತ್ತಂತೆ. ದೊಡ್ಡಪ್ಪ ದಿನಕ್ಕೆ ಉಗುರಿನಷ್ಟು ಮರ ಹೆರೆಯುತ್ತಿದ್ದರು. ಕಡ್ಡಿ ಅದಕ್ಕಿಂತ ಜೋರಾಗಿ ಬೆಳೆಯುತ್ತಿದ್ದಳು. ಮೊದಲನೆಯ ಬಿಲ್ಲಿನ ಮೇಲೆ ಈಗ ಟವೆಲು ಒಣಗುತ್ತಿತ್ತು. ಎರಡನೆಯದಕ್ಕೆ ಕಿಟಕಿಯ ಪರದೆ ನೇತುಹಾಕಿದ್ದರು. ಇದು ಮೂರನೆಯದು.

“ಎರಡು ಬೆರಳು ಗಿಡ್ಡ ಆದ್ರೆ ಏನಂತೆ ಭಾವ?” ಎಂದಳು ಅಮ್ಮ, ಕೈ ಒರೆಸಿಕೊಳ್ಳುತ್ತ.

“ಗಡಿಯಾರ ಎರಡು ನಿಮಿಷ ಹಿಂದೆ ಓಡಿದ್ರೆ ಏನಂತೆ ಅಂತ ಕೇಳಿದ ಹಾಗಾಯ್ತು.”

“ಸರಿ ಹಾಗಾದ್ರೆ. ಇದಕ್ಕೆ ಪೊರಕೆ ಕಟ್ಟಿಕೊಡಿ, ಜೇಡರಬಲೆ ತೆಗೀಬೇಕು.”

ಆ ಸಂಜೆ ಸಂಘ ಸೇರಿತು. ಎಲ್ಲರೂ ಕಡ್ಡಿಯನ್ನು ದಿಟ್ಟಿಸಿ ನೋಡಿದರು.

“ಸಂಜೆ ಅಳತೆ ತಗೊಳ್ಳಿ,” ಎಂದರು ಡಾಕ್ಟರು. “ಮನುಷ್ಯ ಬೆಳಿಗ್ಗೆ ಎದ್ದಾಗ ಚೂರು ಉದ್ದ ಇರ್ತಾನೆ. ಸಂಜೆಗೆ ಕುಗ್ಗಿರ್ತಾನೆ.”

“ಅಯ್ಯೋ, ಹಾಗಾದ್ರೆ ಬಿಲ್ಲು ಮಾಡೋದು ಬೆಳಿಗ್ಗೆ ಹುಡುಗಿಗೋ, ಸಂಜೆ ಹುಡುಗಿಗೋ?” ಎಂದರು ಬೇಕರಿ ಅಕ್ಕ.

ಟೈಲರ್ ಮಾವ ಕೊರಳಿನ ಟೇಪು ಸರಿಮಾಡಿಕೊಂಡರು. “ನನ್ನ ಕೇಳಿ. ಮಕ್ಕಳ ಲಂಗಕ್ಕೆ ನಾವು ಒಳಗೆ ಮಡಿಕೆ ಬಿಟ್ಟು ಹೊಲೀತೀವಿ. ಬೆಳೆದ ಹಾಗೆ ಬಿಚ್ಚಿದರಾಯ್ತು.”

“ಮರಕ್ಕೆ ಮಡಿಕೆ ಎಲ್ಲಿಂದ ತರ್ಲಿ?” ದೊಡ್ಡಪ್ಪ ರೇಗಿದರು.

“ಮಡಿಕೆ ಬೇಡ ಸ್ವಾಮಿ. ಮುಂದೆ ಬೆಳೆಯೋದನ್ನ ಈಗಲೇ ಸೇರಿಸಿ!”

ಮೂರು ವರ್ಷ ಇದು ಯಾರಿಗೂ ಹೊಳೆದಿರಲಿಲ್ಲ. ಡಾಕ್ಟರು ಔಷಧಿ ಚೀಟಿಯ ಹಿಂದೆ ಲೆಕ್ಕ ಹಾಕಿದರು. ನಾಲ್ಕು ತಿಂಗಳಿಗೆ ಎರಡು ಬೆರಳು. ಕೈ ಪಳಗಿದ ಮೇಲೆ ಈಗ ಒಂದು ಬಿಲ್ಲಿಗೆ ನಾಲ್ಕೇ ತಿಂಗಳು. ಹಾಗಾಗಿ ನಾಲ್ಕನೆಯ ಬಿಲ್ಲನ್ನು ಈಗಿರುವ ಕಡ್ಡಿಗಲ್ಲ, ಮುಂದೆ ಬರಲಿರುವ ಕಡ್ಡಿಗೆ ಮಾಡುವುದೆಂದು ತೀರ್ಮಾನವಾಯಿತು.

ಮುಂದೆ ಬರಲಿರುವವಳ ಮೇಲೆ ಕಡ್ಡಿಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು.

ಸ್ಕೂಲಿನಲ್ಲಿ ಬೇರೆ ತಾಪತ್ರಯ. ‘ನನ್ನ ಹವ್ಯಾಸ’ ಎಂದು ಮಾತಾಡುವ ದಿನ ಅವಳು, “ನಂಗೆ ಸ್ವಂತ ಬಿಲ್ಲು ಇದೆ,” ಎಂದು ಹೇಳಿಬಿಟ್ಟಿದ್ದಳು. ಅಂದಿನಿಂದ ಕ್ಲಾಸ್ ಲೀಡರ್ ಬಿಟ್ಟಿರಲಿಲ್ಲ.

“ಏನೇ ಕಡ್ಡಿ, ನಿನ್ನ ಬಿಲ್ಲು ಇನ್ನೂ ಒಣಗ್ತಾ ಇದೆಯಾ?”

“ಒಣಗ್ತಿಲ್ಲ. ಟವೆಲು ಒಣಗ್ತಿದೆ, ಅದರ ಮೇಲೆ.”

“ಸುಳ್ಳಿ! ಫೇಕ್ ಬಿಲ್ಲು!”

“ಫೇಕ್ ಅಲ್ಲ. ಪ್ರಾಮಿಸ್. ಪಿ.ಟಿ. ಸರ್ ನಮ್ಮ ಸಂಘಕ್ಕೆ ಗ್ರೌಂಡ್ ಕೊಡ್ತಾರಂತೆ, ಪರೀಕ್ಷೆ ಮುಗಿದ ಭಾನುವಾರ. ಬಂದು ನೋಡು.”

“ಬರ್ತೀನಿ. ಇಡೀ ಕ್ಲಾಸ್ ಕರ್ಕೊಂಡು ಬರ್ತೀನಿ,” ಎಂದಳು ಲೀಡರ್.

ಬಿಸಿಲು ಏರಿತು. ಪರೀಕ್ಷೆ ಬಂತು, ಮುಗಿಯಿತು. ನಾಲ್ಕನೆಯ ಬಿಲ್ಲು ಲೆಕ್ಕದ ಉದ್ದಕ್ಕೆ ಸರಿಯಾಗಿ, ನುಣ್ಣಗೆ ತಯಾರಾಗಿ ನಿಂತಿತು. ದೊಡ್ಡಪ್ಪ ಕಡ್ಡಿಯನ್ನು ಪಕ್ಕದಲ್ಲಿ ನಿಲ್ಲಿಸಿದರು.

“ಇದೇನೇ ಇದು! ಒಂದು ಬೆರಳು ಕಮ್ಮಿ! ಯಾಕೆ ಬೆಳೀಲಿಲ್ಲ?”

“ನನಗೇನು ಗೊತ್ತು ದೊಡ್ಡಪ್ಪ? ಪರೀಕ್ಷೆಗೆ ಓದ್ತಾ ಇದ್ದೆ.”

ಭಾನುವಾರಕ್ಕೆ ಇನ್ನು ಎಂಟೇ ದಿನ. ಸಂಘ ಅವಳನ್ನು ಬೆಳೆಸಲು ಟೊಂಕಕಟ್ಟಿ ನಿಂತಿತು. ಬೆಳಿಗ್ಗೆ ಡಾಕ್ಟರ ಬಾಗಿಲಿನ ಕಂಬಿಗೆ ಹತ್ತು ನಿಮಿಷ ಜೋತುಬೀಳಬೇಕು. ಬಾಯಿ ತೆರೆದು ಕೂತ ರೋಗಿಗಳು ಆ ಕಡೆಗೇ ನೋಡುತ್ತಿದ್ದರು. ಮಧ್ಯಾಹ್ನ ಬೇಕರಿ ಅಕ್ಕ ಮೊಟ್ಟೆ, ಬನ್ನು, ಹಾಲು ಕಳಿಸುತ್ತಿದ್ದರು. ಸಂಜೆ ಟೈಲರ್ ಮಾವ ಬಂದು ಟೇಪು ಹಿಡಿಯುತ್ತಿದ್ದರು. ಆರು ದಿನದಲ್ಲಿ ಕಡ್ಡಿಯ ಸೊಂಟ ಅರ್ಧ ಬೆರಳು ಬೆಳೆಯಿತು. ಎತ್ತರ ಹಾಗೇ ಇತ್ತು.

ಆದರೆ ನಿಜವಾದ ತೊಂದರೆ ಬೇರೆಯೇ ಇತ್ತು. ಅದು ಕಡ್ಡಿಗೆ ಶುಕ್ರವಾರ ಗೊತ್ತಾಯಿತು.

ಹೊಸ ಬಿಲ್ಲನ್ನು ಒಮ್ಮೆಗೇ ಪೂರ್ತಿ ಎಳೆಯುವಂತಿಲ್ಲ. ಗೋಡೆಯ ಗೂಟಕ್ಕೆ ಅದನ್ನು ಸಿಕ್ಕಿಸಿ, ಹೆದೆಗೆ ಹಗ್ಗ ಕಟ್ಟಿ, ರಾಟೆಯ ಮೇಲಿಂದ ಸ್ವಲ್ಪ ಸ್ವಲ್ಪವೇ ಎಳೆದು ಬಗ್ಗುವುದನ್ನು ಕಲಿಸಬೇಕು. ಗೋಡೆಯ ಮೇಲೆ ದೊಡ್ಡಪ್ಪ ಇಪ್ಪತ್ತು ಗೆರೆ ಎಳೆದಿದ್ದರು. ಹೆದೆ ಇಪ್ಪತ್ತನೆಯ ಗೆರೆ ಮುಟ್ಟಿದರೆ ಬಿಲ್ಲು ಸಿದ್ಧ ಎಂದು ಅರ್ಥ. ಶುಕ್ರವಾರ ಕಡ್ಡಿ ಸ್ಟೂಲಿನ ಮೇಲೆ ಕೂತು ಎಣಿಸಿದಳು. ಹತ್ತು, ಹನ್ನೊಂದು, ಹನ್ನೆರಡು.

“ಟಿಕ್ ಅಂತು!” ದೊಡ್ಡಪ್ಪ ಗಾಬರಿಯಿಂದ ಹಗ್ಗ ಸಡಿಲಿಸಿದರು. “ಕೇಳಿಸ್ತಾ? ಮರದ ಒಳಗೆ ಎಳೆ ಹರಿಯೋ ಸದ್ದು ಅದು. ಇನ್ನೊಂಚೂರು ಎಳೆದಿದ್ರೆ ಮುರಿದೇಹೋಗ್ತಿತ್ತು. ಯಾವಾಗಲೂ ಹೀಗೇ. ಹನ್ನೆರಡಕ್ಕೆ ಬಂದ ಕೂಡಲೇ ಟಿಕ್ ಅನ್ನುತ್ತೆ. ಮತ್ತೆ ಹೆರೆಯೋದು, ಮತ್ತೆ ವಾರ ಕಾಯೋದು.”

ಕಡ್ಡಿ ಸುತ್ತ ನೋಡಿದಳು. ಗೋಡೆ ತುಂಬ, ಕಪಾಟು ತುಂಬ, ಮೇಜಿನ ತುಂಬ ಗಡಿಯಾರ.

“ದೊಡ್ಡಪ್ಪ,” ಎಂದಳು ಮೆಲ್ಲಗೆ, “ಈ ರೂಮಲ್ಲಿ ನಲವತ್ತಮೂರು ಗಡಿಯಾರ ಇವೆ.”

ದೊಡ್ಡಪ್ಪ ಹಗ್ಗ ಹಿಡಿದುಕೊಂಡೇ ಗೋಡೆಯಿಂದ ಗೋಡೆಗೆ ಕಣ್ಣಾಡಿಸಿದರು.

“ನಿಲ್ಸು,” ಎಂದರು ಕೊನೆಗೆ. “ಎಲ್ಲಾ ನಿಲ್ಸು!”

ಇಬ್ಬರೂ ಸೇರಿ ನಿಲ್ಲಿಸಿದರು. ಕೆಲವುಗಳ ಬ್ಯಾಟರಿ ತೆಗೆದರು, ಕೆಲವುಗಳ ಲೋಲಕ ಹಿಡಿದು ನಿಲ್ಲಿಸಿದರು. ಒಂದು ಅಲಾರಂ ಗಡಿಯಾರ ಏನು ಮಾಡಿದರೂ ಬಾಯಿ ಮುಚ್ಚದಿದ್ದಾಗ ಅದನ್ನು ಅಕ್ಕಿ ಡಬ್ಬದಲ್ಲಿ ಹೂತರು. ಬೀದಿಯವರೆಲ್ಲ ದೊಡ್ಡಪ್ಪನ ಕಿಟಕಿಯ ಗಡಿಯಾರ ನೋಡಿಯೇ ದಿನ ಸಾಗಿಸುತ್ತಿದ್ದರು. ಬೀದಿಯಲ್ಲಿ ಆವತ್ತು ಮಧ್ಯಾಹ್ನ ಹನ್ನೆರಡೂ ಇಪ್ಪತ್ತು ಆದದ್ದು ಹಾಗೇ ಉಳಿಯಿತು. ಬೇಕರಿಯ ಬ್ರೆಡ್ಡು ಕರಕಲಾಯಿತು. ಡಾಕ್ಟರ ರೋಗಿಯೊಬ್ಬರು, ಇನ್ನೂ ತಮ್ಮ ಹೊತ್ತು ಬಂದಿಲ್ಲವೆಂದು ರಸ್ತೆಯಲ್ಲೇ ದವಡೆ ಹಿಡಿದು ನಿಂತಿದ್ದರು.

ಒಳಗೆ ಕೋಣೆ ಮೊದಲ ಸಲ ಸದ್ದಿಲ್ಲದೆ ಇತ್ತು. ದೊಡ್ಡಪ್ಪ ಹಗ್ಗ ಎಳೆದರು. ಹನ್ನೆರಡು ದಾಟಿತು. ಹದಿಮೂರು. ಹದಿನಾಲ್ಕು. ಬಿಲ್ಲು ಎರಡೂ ಕಡೆ ಒಂದೇ ಸಮ ಬಗ್ಗುತ್ತಿತ್ತು. ಹದಿನೈದು. ಹದಿನಾರು.

“ಟಿಕ್ ಅಂತು!”

ಕಡ್ಡಿ ಉಸಿರು ಬಿಗಿಹಿಡಿದು ಕೇಳುತ್ತಿದ್ದಳು. ಎಲ್ಲೂ ಏನೂ ಟಿಕ್ ಅಂದಿರಲಿಲ್ಲ.

ಹೇಳಲು ಬಾಯಿ ತೆರೆದಳು. ಆಗ ಅವಳ ಕಣ್ಣು ದೊಡ್ಡಪ್ಪನ ಕೈ ಮೇಲೆ ಬಿತ್ತು. ಸಾಸಿವೆಯಂಥ ಸ್ಕ್ರೂ ಬಿಚ್ಚುವ ಆ ಕೈಗೆ ಹಗ್ಗದ ಗಂಟು ಬಿಚ್ಚಲು ಆಗುತ್ತಿರಲಿಲ್ಲ. ಅವಳು ಬಾಯಿ ಮುಚ್ಚಿಕೊಂಡಳು.

“ಭಾನುವಾರ ಬೇಡ ಪುಟ್ಟಾ. ಇನ್ನೊಂದು ಸಲ ಹೆರೆದು ನೋಡ್ತೀನಿ. ಮುಂದಿನ ತಿಂಗಳು...”

“ಇಡೀ ಕ್ಲಾಸ್ ಬರುತ್ತೆ ದೊಡ್ಡಪ್ಪ,” ಎಂದಳು ಕಡ್ಡಿ.

ದೊಡ್ಡಪ್ಪ ಒಂದೊಂದಾಗಿ ಗಡಿಯಾರಗಳಿಗೆ ಕೀ ಕೊಡತೊಡಗಿದರು.

ಭಾನುವಾರ ಬಂತು. ದೊಡ್ಡಪ್ಪ ಬೇಡ ಅನ್ನಲೂ ಇಲ್ಲ, ಹೂಂ ಅನ್ನಲೂ ಇಲ್ಲ. ಬಿಲ್ಲನ್ನು ಶಾಲಿನಲ್ಲಿ ಸುತ್ತಿ, ಕೂಸನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಗ್ರೌಂಡಿಗೆ ಬಂದರು. ಲೀಡರ್ ಹನ್ನೊಂದು ಜನರನ್ನು ಕರೆತಂದು ಕಾಂಪೌಂಡಿನ ಮೇಲೆ ಸಾಲಾಗಿ ಕೂರಿಸಿದ್ದಳು. ಆ ತುದಿಯಲ್ಲಿ ಪಿ.ಟಿ. ಸರ್ ಹುಲ್ಲಿನ ಮೂಟೆ ನಿಲ್ಲಿಸಿ ಅದರ ಮೇಲೆ ಸುಣ್ಣದಲ್ಲಿ ಒಂದು ಸೊನ್ನೆ ಬರೆದಿದ್ದರು.

ಟೈಲರ್ ಮಾವ ಕೊನೆಯ ಅಳತೆ ತೆಗೆದರು. ಕಡಿಮೆ ಬಿದ್ದ ಒಂದು ಬೆರಳನ್ನು ತಮ್ಮ ಹೆಬ್ಬೆರಳಿನಿಂದ ಮುಚ್ಚಿ, “ಸರಿಸಮ!” ಎಂದು ಕೂಗಿದರು. ಬೇಕರಿ ಅಕ್ಕ ಎರಡು ಚೀಲ ಬಿಚ್ಚಿ, ಬತ್ತಳಿಕೆಯಿಂದ ಒಂದು ಬಾಣ ಆರಿಸಿ ಕೊಟ್ಟರು. ಡಾಕ್ಟರು ತಮ್ಮ ಸ್ಕೂಟರಿನ ಹೆಲ್ಮೆಟ್ಟನ್ನು ಕಡ್ಡಿಯ ತಲೆಗೆ ಹಾಕಿ ಗಾಜು ಇಳಿಸಿದರು.

“ಬಿಲ್ಲು ಮುರಿದ್ರೂ ಹಲ್ಲು ಉಳಿಯುತ್ತೆ,” ಎಂದರು.

“ಗಗನಯಾತ್ರಿ ಕಡ್ಡಿ!” ಕಾಂಪೌಂಡಿನ ಮೇಲಿಂದ ಲೀಡರ್ ಕೂಗಿದಳು. ಎಲ್ಲರೂ ನಕ್ಕರು. ಹೆಲ್ಮೆಟ್ಟಿನೊಳಗೆ ಕಡ್ಡಿಗೂ ನಗು ಬಂತು.

ದೊಡ್ಡಪ್ಪ ಬಿಲ್ಲನ್ನು ಅವಳ ಕೈಗೆ ಕೊಟ್ಟರು. ಕೊಟ್ಟರೂ ಬಿಡಲಿಲ್ಲ. ಅವರ ಬೆರಳು ಮರದ ಮೇಲೇ ಇದ್ದವು. ಅವರು ಅವಳ ಮುಖ ನೋಡುತ್ತಿರಲಿಲ್ಲ, ಬಿಲ್ಲಿನ ನಡುಭಾಗವನ್ನೇ ನೋಡುತ್ತಿದ್ದರು. ಮನೆಯಲ್ಲಿ ಟವೆಲು ಹೊತ್ತದ್ದು, ಪರದೆ ಹೊತ್ತದ್ದು, ಪೊರಕೆ ಹೊತ್ತದ್ದು, ಯಾವುದೂ ಇಪ್ಪತ್ತನೆಯ ಗೆರೆ ಮುಟ್ಟಿರಲಿಲ್ಲ ಎಂಬುದು ಕಡ್ಡಿಗೆ ಆಗ ಹೊಳೆಯಿತು. ತಾನು ಬೆಳೆಯದೆ ನಿಂತಿದ್ದರೂ ಅವು ಮುಟ್ಟುತ್ತಿರಲಿಲ್ಲ, ಅಷ್ಟರೊಳಗೆ ದೊಡ್ಡಪ್ಪನ ಕಿವಿಗೆ ಟಿಕ್ ಕೇಳಿಸುತ್ತಿತ್ತು.

“ದೊಡ್ಡಪ್ಪ,” ಎಂದಳು, “ನೀರಿನ ಬಾಟ್ಲು ಮನೇಲೇ ಬಿಟ್ಟುಬಂದೆ. ತುಂಬಾ ಬಾಯಾರಿಕೆ. ತಂದುಕೊಡ್ತೀರಾ?”

ಬಾಟಲಿ ಅವಳ ಹೆಗಲಿಗೇ ನೇತಾಡುತ್ತಿತ್ತು. ಕೆಂಪು ಬಣ್ಣದ ದೊಡ್ಡ ಬಾಟಲಿ. ದೊಡ್ಡಪ್ಪ ಅದನ್ನು ನೋಡಿದರು. ಕಡ್ಡಿಯನ್ನು ನೋಡಿದರು.

“ಅಯ್ಯೋ, ನೀರಿಲ್ಲದೆ ಹೇಗೆ!” ಎಂದರು. “ಈಗ ತಂದೆ.”

ಬಿಲ್ಲು ಬಿಟ್ಟು, ಚಪ್ಪಲಿ ಸಿಕ್ಕಿಸಿಕೊಂಡು ಹೊರಟರು. ಯಾವತ್ತೂ ಅವಸರ ಮಾಡದವರು ಸರಸರ ನಡೆದರು.

“ಬಿಡೇ, ಬಿಡೇ!” ಹನ್ನೆರಡು ಜನ ಕಾಂಪೌಂಡಿನ ಮೇಲೆ ಕಾಲು ಬಡಿದರು. “ಎಷ್ಟು ಹೊತ್ತೇ?” ಎಂದರು ಟೈಲರ್ ಮಾವ. ಕಡ್ಡಿ ಅಲ್ಲಾಡಲಿಲ್ಲ. ದೊಡ್ಡಪ್ಪನ ನೀಲಿ ಅಂಗಿ ಗೇಟು ದಾಟಿ, ಗೋಡೆಯ ಆಚೆ ಮರೆಯಾಗುವವರೆಗೂ ಕಾದಳು.

ಆಮೇಲೆ ಎಳೆದಳು. ಕಿವಿಯವರೆಗೂ ಎಳೆದಳು.

ಬಾಣ ಸೊನ್ನೆಯನ್ನು ಮುಟ್ಟಲಿಲ್ಲ, ಹುಲ್ಲಿನ ಮೂಟೆಯನ್ನೂ ಮುಟ್ಟಲಿಲ್ಲ. ಎಲ್ಲರ ತಲೆಯೂ ಒಟ್ಟಿಗೆ ಮೇಲೆದ್ದು ಒಟ್ಟಿಗೆ ಕೆಳಗಿಳಿಯಿತು. ಗ್ರೌಂಡಿನ ಆ ಕೊನೆಯ ಪೊದೆಯಲ್ಲಿ ಸರಕ್ ಎಂದು ಸದ್ದಾಯಿತು. ಲೀಡರ್ ಬಾಯಿ ತೆರೆದದ್ದು ಹಾಗೇ ಇತ್ತು. ಕಡ್ಡಿ ಬಿಲ್ಲಿನ ಉದ್ದಕ್ಕೂ ಕೈಯಾಡಿಸಿದಳು. ಒಂದು ಎಳೆಯೂ ಎದ್ದಿರಲಿಲ್ಲ.

ದೊಡ್ಡಪ್ಪ ಹಿಂದಿರುಗಿದಾಗ ಅರ್ಧ ಗಂಟೆಯಾಗಿತ್ತು. ಗೇಟಿನಲ್ಲೇ ನಿಂತು ಬರಿಗೈ ತೋರಿಸಿದರು.

“ಬಾಟ್ಲು ಎಲ್ಲೂ ಸಿಗಲಿಲ್ಲ ಪುಟ್ಟಾ.”

“ಇರಲಿ ಬಿಡಿ ದೊಡ್ಡಪ್ಪ. ಬಾಯಾರಿಕೆ ಹೋಯ್ತು.”

ಟೈಲರ್ ಮಾವ ಇಬ್ಬರನ್ನೂ, ಕೆಂಪು ಬಾಟಲಿಯನ್ನೂ ನೋಡಿ ಏನೋ ಕೇಳಲು ಹೊರಟರು. ಕಡ್ಡಿ ಬಿಲ್ಲನ್ನು ಅವರ ಕೈಗೆ ಕೊಟ್ಟು, “ಈಗ ನಿಮ್ಮ ಸರದಿ ಮಾವ,” ಎಂದಳು.

ಪರೀಕ್ಷೆ ಮುಗಿದ ಆ ಭಾನುವಾರ ಮೊದಲ ಬಾಣ ಹಾರುವುದನ್ನು ಸಂಘದಲ್ಲಿ ನೋಡದೆ ಹೋದವರು ದೊಡ್ಡಪ್ಪ ಒಬ್ಬರೇ. ಯಾಕೆ ಹೋದರೆಂದು ಕಡ್ಡಿ ಯಾರಿಗೂ ಹೇಳಲಿಲ್ಲ.