ಐದು ಗಂಟೆಗೆ ಬರುವ ಸದ್ದು

ಹನ್ನೊಂದನೇ ತಾರೀಕು ಬೆಳಿಗ್ಗೆ ಹತ್ತು ಗಂಟೆಗೆ ಆಂಬುಲೆನ್ಸ್ ಕಂಟ್ರೋಲ್ ರೂಮಿನ ಮೇಲ್ವಿಚಾರಕಿ ಠಾಣೆಗೆ ಬಂದು ದೂರು ಕೊಟ್ಟರು. ಒಂದು ವಾರದಿಂದ ಪ್ರತಿ ಸಂಜೆ ಐದಕ್ಕೆ ಅವರ ವೈರ್‌ಲೆಸ್‌ನಲ್ಲಿ ಕೀಂ ಕೀಂ ಎಂಬ ಸದ್ದು ನುಗ್ಗಿ, ಚಾಲಕರಿಗೆ ಹೇಳುವ ವಿಳಾಸವೇ ಮುಳುಗಿಹೋಗುತ್ತಿತ್ತು. ಹಿಂದಿನ ದಿನ ಎದೆನೋವಿನ ಬಡಗಿಯೊಬ್ಬನ ಮನೆಗೆ ಗಾಡಿ ತಡವಾಗಿ ತಲುಪಿತ್ತು.

“ಬದುಕಿದಾನಾ?” ಇನ್‌ಸ್ಪೆಕ್ಟರ್ ಕೇಳಿದರು.

“ಬದುಕಿದಾನೆ. ಮುಂದಿನವರಿಗೂ ಅಷ್ಟು ಪುಣ್ಯ ಇರುತ್ತೆ ಅಂತ ನಾನು ಕೈಕಟ್ಟಿ ಕೂರಕ್ಕಾಗಲ್ಲ ಸರ್.”

ಪರವಾನಗಿಯಿಲ್ಲದ ಪ್ರಸಾರ, ತುರ್ತುಸೇವೆಗೆ ಅಡ್ಡಿ ಎಂದು ಎಫ್‌ಐಆರ್ ದಾಖಲಾಯಿತು. ವೈರ್‌ಲೆಸ್ ವಿಭಾಗದ ಮಹಿಳಾ ಕಾನ್ಸ್‌ಟೇಬಲ್‌ಗೆ ಬುಲಾವ್ ಹೋಯಿತು. ಕೆಲವು ತಿಂಗಳಿಂದ ಈಕೆಗೆ ಒಂದು ಹುಚ್ಚು ಹಿಡಿದಿತ್ತು. ಬೆರಳುದ್ದದ ರಿಸೀವರೊಂದನ್ನು ಲ್ಯಾಪ್‌ಟಾಪ್‌ಗೆ ಚುಚ್ಚಿ, ಪುಕ್ಕಟೆ ಸಿಗುವ ಮುಕ್ತ ತಂತ್ರಾಂಶದಲ್ಲಿ ರೇಡಿಯೊ ಕಟ್ಟುವುದು. ಪರದೆಯ ಮೇಲೆ ಚೌಕಗಳನ್ನಿಟ್ಟು ನಡುವೆ ಗೆರೆ ಎಳೆಯಬೇಕು. ಒಂದು ಚೌಕ ಸದ್ದನ್ನು ಸೋಸಿದರೆ ಇನ್ನೊಂದು ಹಿಗ್ಗಿಸುತ್ತದೆ. ಠಾಣೆಯವರೆಲ್ಲ ಇವಳನ್ನು ‘ಗೆರೆಯಮ್ಮ’ ಎಂದು ಗೋಳು ಹೊಯ್ದುಕೊಳ್ಳುತ್ತಿದ್ದರು. ಅವಳೂ ನಗುತ್ತಿದ್ದಳು.

ಸಂಜೆ ಜೀಪಿನಲ್ಲಿ ಹುಡುಕಾಟ ಶುರುವಾಯಿತು. ಸದ್ದು ಸಿಕ್ಕಿತು, ಆದರೆ ಎಲ್ಲ ಬೀದಿಗಳಲ್ಲೂ ಒಂದೇ ಸಮನೆ.

“ಇಲ್ಲೂ ಅಷ್ಟೇ ಜೋರಿದೆ ಸರ್.”

“ಹಿಂದಿನ ಬೀದೀಲೂ ಹಂಗೇ ಅಂದೆ. ಊರೆಲ್ಲಾ ಕಳ್ಳರೇನಮ್ಮ?”

ಮರುದಿನ ಅವಳೇ ತಲೆ ಚಚ್ಚಿಕೊಂಡಳು. ಸದ್ದಿನ ಮಟ್ಟವನ್ನು ತಾನಾಗಿಯೇ ಸರಿತೂಗಿಸುವ ಸ್ವಿಚ್ಚನ್ನು ಆಫ್ ಮಾಡಲು ಮರೆತಿದ್ದಳು. ಸಂಕೇತ ಕುಗ್ಗಿದಲ್ಲೆಲ್ಲ ಯಂತ್ರವೇ ಅದನ್ನು ಎತ್ತಿ ತೋರಿಸಿತ್ತು. ಕಲಿಯುವವರೆಲ್ಲ ಎಡವುವ ಜಾಗ ಅದು. ಅಂದು ಸಂಜೆ ಅದನ್ನು ಆಫ್ ಮಾಡಿಕೊಂಡು ಹೊರಟರೆ, ಜೀಪು ಒಂದು ಬೀಗದ ಅಂಗಡಿಯ ಮುಂದೆ ಬಂದು ನಿಂತಿತು. ಸದ್ದು ಮೇಲಿನ ಮಹಡಿಯಿಂದ ಬರುತ್ತಿತ್ತು. ಅವಳು ಕಿವಿಗೊಟ್ಟು ಕೇಳಿದಳು.

“ಸರ್, ಇದು ಮೋರ್ಸ್, ಹಳೇ ಟೆಲಿಗ್ರಾಂ ಸಂಕೇತ. ಟ್ರೈನಿಂಗಲ್ಲಿ ಕಲಿಸಿದ್ರು. ‘ಕಾಲು ನೋವು ಹೇಗಿದೆ’ ಅಂತ ಕೇಳ್ತಿದಾರೆ.”

“ಇದೆಂಥಾ ಗೂಢಚಾರನಮ್ಮ!” ಎಂದರು ಇನ್‌ಸ್ಪೆಕ್ಟರ್. ಆಮೇಲೆ ಶೋಧನಾ ವಾರಂಟ್‌ಗೆ ಅರ್ಜಿ ಬರೆಯಲು ಹೇಳಿದರು.

ಹದಿಮೂರರಂದು ಸಂಜೆ ನಾಲ್ಕೂವರೆಗೆ ವಾರಂಟ್ ಹಿಡಿದು ಆ ಮಹಡಿಯ ಬಾಗಿಲು ತಟ್ಟಿದರು. ತೆರೆದವಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಹೆಂಗಸು, ವಯಸ್ಸು ನಲವತ್ತರ ಆಸುಪಾಸು. ಮುಂದಿನ ಕೋಣೆಯಲ್ಲಿ ಮಂಚದ ಮೇಲೆ ಅವಳ ತಂದೆ ಗೋಡೆಯ ಕಡೆ ಮುಖಮಾಡಿ ಮಲಗಿದ್ದರು. ತಲೆದೆಸೆಯಲ್ಲಿ ಹಳೆಯ ರೇಡಿಯೊ ರಿಸೀವರ್, ಕೈಯಲ್ಲೊಂದು ಚಮಚ. ಒಳಕೋಣೆಯಲ್ಲಿ ಲ್ಯಾಪ್‌ಟಾಪ್, ಅಂಗೈಯಗಲದ ಟ್ರಾನ್ಸ್‌ಮಿಟರ್, ಕಿಟಕಿಗೆ ಕಟ್ಟಿದ ತಂತಿ. ಕೆಳಗಿನ ಅಂಗಡಿಯ ಇಬ್ಬರನ್ನು ಪಂಚ ಸಾಕ್ಷಿಗಳಾಗಿ ಕರೆಸಲಾಯಿತು.

“ಇದು ಯಾರದ್ದು?”

“ನಂದೇ. ನೆಟ್ಟಲ್ಲಿ ನೋಡಿ ಕಲಿತೆ.”

“ಆಂಬುಲೆನ್ಸ್ ಚಾನೆಲ್ಲೇ ಬೇಕಿತ್ತಾ?”

ಅವಳ ಮುಖ ಬಿಳುಚಿತು. “ಆಂಬುಲೆನ್ಸಾ? ನಾನು ಯಾರೂ ಇಲ್ಲದ ಜಾಗ ಹುಡುಕಿ ಕಳಿಸ್ತಿದ್ದೆ.”

ಕಾನ್ಸ್‌ಟೇಬಲ್ ಟ್ರಾನ್ಸ್‌ಮಿಟರನ್ನು ತಿರುಗಿಸಿ ನೋಡಿದಳು. “ಫಿಲ್ಟರ್ ಹಾಕಿಲ್ಲ ಸರ್. ಇದು ಒಂದು ಕಡೆ ಕೂಗಿದ್ರೆ, ಅದರ ಮೂರು ಪಟ್ಟು ಫ್ರೀಕ್ವೆನ್ಸೀಲಿ ಇನ್ನೊಂದು ಕೂಗು ಹುಟ್ಟುತ್ತೆ. ಅದು ಹೋಗಿ ಆಂಬುಲೆನ್ಸ್ ಮೇಲೆ ಕೂತಿದೆ. ನಾನೂ ಹಿಂಗೇ ಮಾಡಿ ನಮ್ಮ ವಾಕಿಟಾಕಿ ಕೆಡಿಸಿದ್ದೆ.”

“ಅದನ್ನ ನಂಗ್ಯಾಕೆ ಹೇಳಿರ್ಲಿಲ್ಲ?” ಎಂದು ಇನ್‌ಸ್ಪೆಕ್ಟರ್ ಗದರಿ, ಹೆಂಗಸಿನ ಕಡೆ ತಿರುಗಿದರು. “ಯಾರಿಗೆ ಕಳಿಸ್ತಿದ್ರಿ?”

“ಅಪ್ಪನಿಗೆ. ಹಡಗಿನಲ್ಲಿ ರೇಡಿಯೊ ಆಪರೇಟರ್ ಆಗಿದ್ರು. ಪಾರ್ಶ್ವವಾಯು ಹೊಡೆದ ಮೇಲೆ ಮಾತಿಲ್ಲ. ಈ ಸದ್ದಿಗೆ ಮಾತ್ರ ಚಮಚ ಬಡಿದು ಉತ್ತರ ಕೊಡ್ತಾರೆ, ಆಮೇಲೆ ಊಟ ಮಾಡ್ತಾರೆ.”

“ಪಕ್ಕದಲ್ಲೇ ಕೂತು ಬಡೀಬಹುದಿತ್ತಲ್ಲ?”

“ಬಡಿದೆ ಸರ್. ತಿರುಗೂ ನೋಡ್ಲಿಲ್ಲ. ರೇಡಿಯೊದಲ್ಲಿ ಬಂದ್ರೆ ಡ್ಯೂಟಿ ಅಂತ ಏಳ್ತಾರೆ. ಯಾವುದೋ ಸ್ಟೇಷನ್ ಅನ್ಕೊಂಡಿದಾರೆ, ನಾನು ಅಂತ ಗೊತ್ತಿಲ್ಲ. ಇವತ್ತು ಸದ್ದು ಬರದಿದ್ರೆ ಅನ್ನ ಮುಟ್ಟಲ್ಲ.”

ಇನ್‌ಸ್ಪೆಕ್ಟರಿಗೆ ಅಯ್ಯೋ ಅನ್ನಿಸಿತು. ಆದರೆ ಬಡಗಿಯೂ ನೆನಪಾದ. ಟ್ರಾನ್ಸ್‌ಮಿಟರ್ ಜಪ್ತಿಯಾಯಿತು. ಐದಾಗಲು ಸ್ವಲ್ಪವೇ ಉಳಿದಿತ್ತು. ಗಾಳಿಗೆ ಬಿಡದೆಯೂ ಇದಾಗುತ್ತದೆ ಎಂದಳು ಕಾನ್ಸ್‌ಟೇಬಲ್. ಅನುಮತಿ ಪಡೆದು, ಲ್ಯಾಪ್‌ಟಾಪಿನ ಸದ್ದನ್ನು ಕೇಬಲ್‌ನಲ್ಲಿ ನೇರ ರಿಸೀವರಿನ ಸ್ಪೀಕರಿಗೆ ಕೊಟ್ಟಳು. ಹೆಂಗಸು ಜಪ್ತಿ ಪತ್ರಕ್ಕೆ ಸಹಿ ಹಾಕುತ್ತಿದ್ದಳು; ಹಾಗಾಗಿ ಕೀಲಿ ಒತ್ತಿದವಳೂ ಕಾನ್ಸ್‌ಟೇಬಲ್ಲೇ. ‘ಕಾಲು ನೋವು ಹೇಗಿದೆ?’

ಮುದುಕರು ತಲೆಯೆತ್ತಿದರು. ಮಂಚದ ಸರಳಿಗೆ ಚಮಚ ಬಡಿಯತೊಡಗಿದರು. ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡಳು.

“ಏನಂತೆ?”

“ಸರ್, ‘ಇದು ನನ್ನ ಮಗಳ ಕೈ ಅಲ್ಲ. ಅವಳೆಲ್ಲಿ?’ ಅಂತಿದಾರೆ. ಒಬ್ಬೊಬ್ಬರು ಒತ್ತೋ ಲಯ ಒಂದೊಂದು ಥರ. ಹಳೇ ಆಪರೇಟರುಗಳಿಗೆ ಅದು ಗೊತ್ತಾಗುತ್ತೆ.”

ಇನ್‌ಸ್ಪೆಕ್ಟರ್ ಲ್ಯಾಪ್‌ಟಾಪಿನ ಮುಂದೆ ಹೆಂಗಸಿಗೆ ಕುರ್ಚಿ ಎಳೆದುಕೊಟ್ಟರು.

“ಕೂತ್ಕೊಳ್ಳಮ್ಮ. ದಸ್ತಗಿರಿ ಮಾಡಿದ್ರೆ ಮನೆಯವರಿಗೆ ತಿಳಿಸ್ಬೇಕು ಅಂತ ಕಾನೂನಿದೆ. ನೀನೇ ತಿಳಿಸು.”

ಅವಳು ಕಣ್ಣೊರೆಸಿಕೊಂಡು ಒತ್ತಿದಳು. ತಾನು ಇಲ್ಲೇ ಇದ್ದೇನೆ, ತಪ್ಪು ಮಾಡಿದ್ದೇನೆ, ಠಾಣೆಗೆ ಹೋಗಿ ಊಟದ ಹೊತ್ತಿಗೆ ಬರುತ್ತೇನೆ. ಚಮಚ ಮತ್ತೆ ಬಡಿಯಿತು. ಈ ಸಲ ಮುದುಕರು ಗೋಡೆ ಬಿಟ್ಟು ಒಳಕೋಣೆಯ ಬಾಗಿಲ ಕಡೆ ತಿರುಗಿ ಮಗಳನ್ನೇ ನೋಡುತ್ತಿದ್ದರು.

ಪಕ್ಕದ ಮನೆಯಾಕೆ ಬಂದು ಅವರ ಬಳಿ ಕೂತರು. ಆರೋಪಿಗೆ ಠಾಣೆಯಲ್ಲೇ ಜಾಮೀನು ಸಿಕ್ಕಿತು. ದಸ್ತಗಿರಿ ಪತ್ರದಲ್ಲಿ ‘ವಿಷಯ ಯಾರಿಗೆ ತಿಳಿಸಲಾಯಿತು’ ಎಂಬಲ್ಲಿ ಇನ್‌ಸ್ಪೆಕ್ಟರ್ ‘ತಂದೆಗೆ’ ಎಂದು ಬರೆದು, ಕಾನ್ಸ್‌ಟೇಬಲ್ಲನ್ನು ಕೇಳಿದರು.

“ಕೊನೆಗೆ ಏನಂದ್ರಮ್ಮ ಅವರು?”

“‘ಬೇಗ ಬಾ, ಒಟ್ಟಿಗೆ ಉಣ್ಣೋಣ’ ಅಂದ್ರು ಸರ್.”