ಗಾಳಿ ಹೇಗಿದೆ?

ನನ್ನ ತಮ್ಮ ಸುಮುಖ್ ಕೆರಿಬಿಯನ್ ಬೀಚಿನಲ್ಲಿ, ದೊಡ್ಡ ಗಾಳಿಪಟ ಹಿಡಿದು ಹಲಗೆಯ ಮೇಲೆ ಅಲೆಗಳಲ್ಲಿ ಜಾರುವ ಕೈಟ್‌ಸರ್ಫಿಂಗಿಗೆ ಹೊರಡುವ ಮುನ್ನ ಫೋನ್ ಮಾಡುತ್ತಿದ್ದ: "ಅಕ್ಕಾ, ಕ್ಯಾಮೆರಾ ಚೆಕ್ ಮಾಡು, ಗಾಳಿ ಹೇಗಿದೆ?" ಅಮೆರಿಕದ ಜರ್ಮನ್‌ಟೌನಿನ ನನ್ನ ಅಪಾರ್ಟ್‌ಮೆಂಟಿನಿಂದ ನಾನು ಬೀಚಿನ ಲೈವ್ ಕ್ಯಾಮೆರಾ ನೋಡಿ ಹೇಳುತ್ತಿದ್ದೆ. ಅವನು ಕಡಲಿನಿಂದ ಮರಳದೆ ಎರಡು ವರ್ಷವಾಯಿತು. ನನಗೆ ಆ ಕ್ಯಾಮೆರಾ ನೋಡುವ ಚಾಳಿ ಬಿಟ್ಟಿಲ್ಲ.

ಮೊನ್ನೆ ಮಧ್ಯಾಹ್ನ ಅಲ್ಲಿ ತೆಂಗಿನ ಗರಿಯೂ ಅಲುಗುತ್ತಿರಲಿಲ್ಲ. ಆದರೂ ನೀರಿನ ಮೇಲೆ ಅವನ ಹಳದಿ ಗಾಳಿಪಟ ಬಿಗಿಯಾಗಿ ನಿಂತಿತ್ತು. ದಾರದ ಕೆಳಗೆ ಯಾರೂ ಇರಲಿಲ್ಲ.

ಅಭ್ಯಾಸಬಲದಿಂದ ಅಂದೆ: "ಗಾಳಿ ಇಲ್ಲ ಕಣೋ, ಮನೆಗೆ ಬಂದ್ಬಿಡು."

ಗಾಳಿಪಟ ಮೆಲ್ಲಗೆ ಕ್ಯಾಮೆರಾದತ್ತ ತಿರುಗಿತು.

ಫೋನಿನಲ್ಲಿ ಅಮ್ಮನಿಗೆ ಹೇಳಿದೆ. ಅವಳು "ಗಾಳೀನ ಯಾರಾದ್ರೂ ಮನೆಗೆ ಕರೀತಾರೇನೇ?" ಎಂದಳು.

ಅಂದಿನಿಂದ ನನ್ನ ಅಪಾರ್ಟ್‌ಮೆಂಟಿನ ಮುಚ್ಚಿದ ಕಿಟಕಿಯ ಕರ್ಟನ್ ಒಳಕ್ಕೆ ಉಬ್ಬಿಕೊಂಡೇ ಇದೆ. ಮುಟ್ಟಿದರೆ ಕೈಗೆ ಉಪ್ಪು ಹತ್ತುತ್ತದೆ. ಕಿಟಕಿ ತೆರೆಯಲು ಭಯ, ಎಲ್ಲಿ ಹೊರಟುಬಿಡುತ್ತಾನೋ ಎಂದು.